ಜೀಗುಜ್ಜೆ ಮರದ ಬೆಳಗಿನ ನೆರಳು

ಮದುವೆಯಾಗಿ ನಮ್ಮ ಕುದ್ರುವಿಗೆ ಬರುವ ಹೆಣ್ಣುಮಕ್ಕಳು ಮೊದಲು ಕಲಿಯುವುದು ಇಲ್ಲಿಯ ಮೀನುಸಾರನ್ನಲ್ಲ, ಗಂಡನ ಸಿಟ್ಟನ್ನೂ ಅಲ್ಲ. ಯಾವ ಕಡೆ ತಲೆ ಹಾಕಿ ಮಲಗಬೇಕು ಎನ್ನುವುದನ್ನು. ಉತ್ತರಕ್ಕೆ ತಲೆ ಹಾಕಬೇಡ ಎಂದು ತವರಿನಲ್ಲಿ ಹೇಳಿ ಕಳಿಸಿರುತ್ತಾರೆ. ಇಲ್ಲಿಗೆ ಬಂದರೆ ಹೋದ ವರ್ಷ ಉತ್ತರಕ್ಕಿದ್ದ ಗೋಡೆ ಈ ವರ್ಷ ಅಲ್ಲಿಂದ ಜರುಗಿರುತ್ತದೆ. ನಾನು ಬಂದ ಹೊಸದರಲ್ಲಿ ಈ ಗೊಂದಲಕ್ಕೆ ಕೂತೇ ತೂಕಡಿಸುತ್ತಿದ್ದೆ. ಕಡೆಗೆ ನನ್ನ ಅತ್ತೆಯೇ ಬಂದು ಚಾಪೆಯನ್ನು ಕಾಲಿನಿಂದ ಸರಿಸಿ, "ವರ್ಷಕ್ಕೊಂದ್ಸಲ ಇಷ್ಟು ತಿರುಗಿಸ್ಕೊ ತುಳಸೀ. ಊರೇ ತಿರುಗುವಾಗ ನಾವು ನೆಟ್ಟಗೆ ಮಲಗ್ತೇವೆ ಅಂದ್ರೆ ಆಗ್ತದಾ?" ಎಂದರು. ಅಂದಿನಿಂದ ನನಗೆ ನಿದ್ದೆಗೆ ಕೊರತೆಯಿಲ್ಲ. ನಮ್ಮವರನ್ನು ಕೇಳಿದರೆ, ಸ್ವಲ್ಪ ಹೆಚ್ಚೇ ಆಗಿದೆ ಎನ್ನುತ್ತಾರೆ.

ಹೊಳೆಯ ನಡುವಿನ ಈ ನಡುಗಡ್ಡೆ, ಅಂದರೆ ನಮ್ಮ ಕುದ್ರು, ಗೂಟಕ್ಕೆ ಕಟ್ಟಿದ ದನದ ಹಾಗೆ ಇದ್ದಲ್ಲೇ ನಿಧಾನವಾಗಿ ಸುತ್ತು ಬರುತ್ತದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ತೊಟ್ಟಿಲಲ್ಲಿದ್ದ ಹುಡುಗಿ ಉದ್ದಲಂಗ ಉಡುತ್ತಾಳೆ. ತಿರುಗುವುದು ಯಾರಿಗೂ ಕಾಣುವುದಿಲ್ಲ, ತಿರುಗಿದ್ದು ಮಾತ್ರ ಎಲ್ಲರಿಗೂ ಕಾಣುತ್ತದೆ. ಯಾಕೆ ತಿರುಗುತ್ತದೆ ಎಂದು ಆಚೆದಡದವರು ಕೇಳುತ್ತಾರೆ. ನಿಮ್ಮ ಊರು ಯಾಕೆ ತಿರುಗುವುದಿಲ್ಲ ಎಂದು ನಾವೇನಾದರೂ ಕೇಳಿದ್ದೇವೆಯೇ? ಒಮ್ಮೆ ಸರ್ಕಾರದವರು ಬಂದು, ಸರಪಳಿ ಎಳೆದು, ಚಂದದ ನಕ್ಷೆ ಮಾಡಿಕೊಂಡು ಹೋದರಂತೆ. ಅದು ಒಂದು ವರ್ಷ ಸರಿಯಾಗಿಯೇ ಇತ್ತು. ಆಮೇಲೆ ಇನ್ನೊಂದು ಸುತ್ತಿನ ಕೊನೆಗೆ ಮತ್ತೆ ಸರಿಯಾಯಿತು. ವಾಸ್ತು ನೋಡುವವನೊಬ್ಬ ಇಲ್ಲಿಗೆ ಬಂದು ಬಾಡಿಗೆ ಮನೆ ಹಿಡಿದಿದ್ದ, ಪಾಪ, ಈಗ ಹೊಳೆಯ ಕೆಸರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕಿ ಮಾರುತ್ತಾನೆ. ಸುಖವಾಗಿದ್ದಾನೆ.

ಈ ತಿರುಗಾಟದಿಂದ ನಮಗಿರುವ ದೊಡ್ಡ ಲಾಭವೆಂದರೆ ಕಡವು, ಅಂದರೆ ದೋಣಿ ತಂಗುವ ಜಾಗ. ಆಚೆದಡದಿಂದ ಬರುವ ದೋಣಿ ನೇರ ಎದುರಿಗೆ ಯಾರ ಮನೆಯಂಗಳ ಸಿಗುತ್ತದೋ ಅಲ್ಲೇ ನಿಲ್ಲುತ್ತದೆ. ಉಳಿದ ಕಡೆಯೆಲ್ಲ ಕೆಸರು, ಸೆಳವು. ಹಾಗಾಗಿ ಕಡವು ಒಬ್ಬರ ಸೊತ್ತಲ್ಲ; ಒಂದು ಮಳೆಗಾಲ, ಒಂದು ಬೇಸಿಗೆ ಒಬ್ಬರ ಅಂಗಳದಲ್ಲಿದ್ದು ಮುಂದಿನವರ ಅಂಗಳಕ್ಕೆ ಹೋಗುತ್ತದೆ. ಕಡವು ಬಂದ ಮನೆಯವರು ಇಳಿಯಲಿಕ್ಕೆ ಮರದ ಸಂಕ ಹಾಕಬೇಕು, ಇಳಿದವರ ಕಾಲಿಗೆ ನೀರು, ಬಾಯಿಗೆ ಬೆಲ್ಲ ಕೊಡಬೇಕು. ಅದಕ್ಕೆ ಬದಲಾಗಿ ಊರಿನ ಸುದ್ದಿಯೆಲ್ಲ ಬಿಸಿಬಿಸಿಯಾಗಿ ಮೊದಲು ಅವರ ಕಿವಿಗೆ. ಇಂಥ ಭಾಗ್ಯ ಬೇಡವೆನ್ನುವ ಹೆಂಗಸು ಹುಟ್ಟಿಲ್ಲ, ಗಂಡಸಂತೂ ಮೊದಲೇ ಹುಟ್ಟಿಲ್ಲ.

ಕಡವಿನ ಕಟ್ಟಳೆಯಲ್ಲಿ ಮುಖ್ಯವಾದದ್ದು ಕೈ. ದೋಣಿಯಿಂದ ಇಳಿಯುವ ಪ್ರತಿಯೊಬ್ಬರಿಗೂ ಆ ಮನೆಯವರು ಕೈ ಕೊಟ್ಟು ಹತ್ತಿಸಿಕೊಳ್ಳಬೇಕು. ಬಂದವನು ಕಳ್ಳನಾದರೂ ಸರಿ, ಮೊದಲು ಕೈ, ಆಮೇಲೆ ಏಟು. ಕೊಟ್ಟ ಕೈಯನ್ನು ಹಿಡಿಯದೆ ಯಾರಾದರೂ ಬಂದ ದೋಣಿಯಲ್ಲೇ ವಾಪಸು ಹೋದರೆ ಆ ಮನೆ 'ಕೈ ಬಿದ್ದ ಮನೆ'. ಆ ಸುತ್ತಿನಲ್ಲಿ ಅವರ ಅಂಗಳಕ್ಕೆ ಮತ್ತೆ ದೋಣಿ ಬರುವುದಿಲ್ಲ, ಊರಿನವರೆಲ್ಲ ಪಕ್ಕದ ಕೆಸರಿನಲ್ಲಿ ಮೊಣಕಾಲು ಹುಗಿದುಕೊಂಡು ಇಳಿಯುತ್ತಾರೆ. ನಮ್ಮ ಪಕ್ಕದ ಬೊಮ್ಮಕ್ಕನ ಮನೆಗೆ ಅವಳ ಅಜ್ಜನ ಕಾಲದಲ್ಲಿ ಬಂದ ಆ ಹೆಸರು ಇನ್ನೂ ಹೋಗಿಲ್ಲ. ಜಗಳವಾದರೆ ಎದುರಿನವರು ಮೊದಲು ಎತ್ತುವುದೇ ಅದನ್ನು.

ಇಷ್ಟು ಹೇಳಿದ್ದು ನಮ್ಮವರ ಕಥೆ ಹೇಳಲಿಕ್ಕೆ. ಊರಿಗೆ ಅವರು ಜಟ್ಟಪ್ಪ. ಬಲೆ ಬೀಸುವುದರಲ್ಲಿ ಕೈ ಚುರುಕು, ಮಾತಿನಲ್ಲಿ ನಿಧಾನ, ಹಟದಲ್ಲಿ ಕಲ್ಲುಬಂಡೆ. ಅವರಿಗೊಬ್ಬಳು ಅಕ್ಕ, ಹೊನ್ನಕ್ಕ, ನನಗೆ ಅತ್ತಿಗೆ. ಆಚೆದಡಕ್ಕೆ ಮದುವೆಯಾಗಿ ಹೋಗಿ, ಬೇಗನೆ ಗಂಡನನ್ನು ಕಳೆದುಕೊಂಡು, ಮುಂಡಕದ ಓಲೆಯಿಂದ ಚಾಪೆ ಹೆಣೆದು ಸಂತೆಯಲ್ಲಿ ಮಾರುವವಳು. ಅವಳ ನಾಲಗೆ ಅವಳ ಕತ್ತಿಗಿಂತ ಹರಿತ. ಅಕ್ಕ ತಮ್ಮ ಇಬ್ಬರೂ ಒಂದೇ ಬಟ್ಟಲಲ್ಲಿ ಗಂಜಿ ಕುಡಿದು ಬೆಳೆದವರು. ನಾನು ಮದುವೆಯಾಗಿ ಬಂದಾಗ ನಮ್ಮವರು ನನ್ನ ಜೊತೆಗಿಂತ ಹೆಚ್ಚು ಹೊತ್ತು ಅಕ್ಕನ ಜೊತೆ ಮಾತಾಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗಲಿಲ್ಲವೆಂದರೆ ಸುಳ್ಳಾಗುತ್ತದೆ, ಆದರೆ ಅತ್ತಿಗೆ ನನಗೂ ಅಷ್ಟೇ ಬೇಕಾದವಳಾದಳು.

ನನ್ನ ಮಾವ ಕಣ್ಣು ಮುಚ್ಚಿದ್ದು ಹಿಂದಿನ ಸುತ್ತಿನಲ್ಲಿ ಕಡವು ನಮ್ಮ ಅಂಗಳದಲ್ಲಿದ್ದ ವರ್ಷ. ಬೆಳಗಿನ ಹೊತ್ತು. ಹಿಂದಿನ ಜಗಲಿಯಲ್ಲಿ ಅವರನ್ನು ಮಲಗಿಸಿದ್ದೆವು, ಊರೆಲ್ಲ ಸೇರಿತ್ತು. ನಮ್ಮ ಮನೆ ಇರುವುದು ನೀರಿನ ಪಕ್ಕ. ಮನೆಯ ಹಿಂದೆ ಒಂದು ದೊಡ್ಡ ಜೀಗುಜ್ಜೆ ಮರ, ಅದರ ಕಾಯಿ ಪಲ್ಯಕ್ಕೂ ಆಯಿತು, ಹೆಚ್ಚಿ ಹುರಿದರೆ ಪೋಡಿಗೂ ಆಯಿತು. ಮರದ ಆಚೆಗೆ ಹಿತ್ತಿಲು. ಆ ಹೊತ್ತಿಗೆ ಆಚೆದಡದ ಮೇಲಿಂದ ಸೂರ್ಯ ಬಂದು ಮರದ ನೆರಳು ಉದ್ದಕ್ಕೆ ಹಿತ್ತಿಲಿನಲ್ಲಿ ಬಿದ್ದಿತ್ತು. ಮಾವ ಬೆರಳೆತ್ತಿ ಅದನ್ನು ತೋರಿಸಿದರು. "ಬೆಳಿಗ್ಗೆ ಜೀಗುಜ್ಜೆಯ ನೆರಳು ಬೀಳುವಷ್ಟು ಜಾಗ ಹೊನ್ನಿಗೆ. ಬಿಸಿಲಲ್ಲಿ ಬೆಂದವಳು ಅವಳು, ತಂಪಿನ ಜಾಗ ಇರ್ಲಿ. ಬಾಕಿದ್ದು ಜಟ್ಟುಗೆ." ಆಮೇಲೆ ಸ್ವಲ್ಪ ನೀರು ಕೇಳಿದರು, ಹೋದರು.

ಊರಿಗೆ ಊರೇ ತಲೆದೂಗಿತು. ಎಂಥ ಚಂದದ ಪಾಲು ಎಂದು ಹೊಗಳಿದ್ದೂ ಆಯಿತು. ಹುಟ್ಟಿದಾಗಿನಿಂದ ತಿರುಗುವ ನೆಲದ ಮೇಲೆ ಓಡಾಡಿದವರು, ಅಷ್ಟು ಜನರಲ್ಲಿ ಒಬ್ಬರಿಗಾದರೂ ಹೊಳೆಯಬಾರದೇ, ನೆಲ ತಿರುಗಿದರೂ ಸೂರ್ಯ ತಾನು ಹುಟ್ಟುವ ಕಡೆಯನ್ನು ಬಿಡುವುದಿಲ್ಲವೆಂದು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅತ್ತಿಗೆ ಆ ವರ್ಷ ತನ್ನ ಜಾಗದಲ್ಲಿ ಅಲಸಂದೆ ಹಾಕಿದಳು. ಮುಂದಿನ ವರ್ಷ ಬಂದು ನೋಡಿದರೆ ನೆರಳು ಒಂದಿಷ್ಟು ಜರುಗಿ ನಮ್ಮ ಬಸಳೆ ಚಪ್ಪರದ ಮೇಲಿತ್ತು. "ಇದು ನನ್ನ ಜಾಗದ ಬಸಳೆ" ಎಂದು ನಗುತ್ತ ಬುಟ್ಟಿ ತುಂಬ ಕಿತ್ತುಕೊಂಡಳು. ನಮ್ಮವರೂ ನಕ್ಕರು. ಆಮೇಲಿನ ವರ್ಷ ನೆರಳು ಬಾವಿಯ ಮೇಲೆ ಬಂತು. ಅತ್ತಿಗೆ ಒಂದು ಕೊಡ ನೀರು ಸೇದಿ ನನ್ನ ಸೊಂಟಕ್ಕಿಟ್ಟು, "ತಗೊ ತುಳಸೀ, ನನ್ನ ಬಾವಿಯ ನೀರು, ಧರ್ಮಕ್ಕೆ" ಎಂದಳು. ನಾನು ನಕ್ಕೆ. ನಮ್ಮವರು ನಗಲಿಲ್ಲ.

"ಅಪ್ಪ ಬೆರಳಲ್ಲಿ ತೋರಿಸಿದ್ದು ಹಿತ್ತಿಲಿನ ಆ ಜಾಗ. ಅದು ನಿನ್ನದು, ಈಗ್ಲೂ ನಿನ್ನದು" ಎಂದರು.

"ಬಾಯಲ್ಲಿ ಹೇಳಿದ್ದು ನೆರಳು" ಎಂದಳು ಅತ್ತಿಗೆ. "ಬೆರಳು ದೊಡ್ಡದಾ, ಬಾಯಿ ದೊಡ್ಡದಾ?"

ಈ ಪ್ರಶ್ನೆ ಊರಿಗೆ ಸಿಕ್ಕಿತು ನೋಡಿ, ಬೇರೆ ಕೆಲಸವೇ ಬೇಡವಾಯಿತು. ಅರ್ಧ ಊರು ಬೆರಳಿನ ಕಡೆ, ಅರ್ಧ ಊರು ಬಾಯಿಯ ಕಡೆ. ಗಂಡ ಬೆರಳು, ಹೆಂಡತಿ ಬಾಯಿ ಆದ ಮನೆಗಳಲ್ಲಿ ಎರಡು ಒಲೆ ಉರಿದವು. ದೋಣಿಯ ಹುಸೇನಣ್ಣ ಮಾತ್ರ ಯಾವ ಕಡೆಗೂ ಹೋಗಲಿಲ್ಲ. "ನಾನು ನೀರಿನವ, ನನಗೆ ನೆರಳೂ ಇಲ್ಲ, ನೆಲವೂ ಇಲ್ಲ" ಎಂದು ಹುಟ್ಟು ಹಾಕುತ್ತಿದ್ದ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದವಳು ನಾನು. ಅತ್ತಿಗೆಯ ಮಾತು ತಮಾಷೆ ಎಂದು ನನಗೆ ಗೊತ್ತಿತ್ತು. ನಮ್ಮವರ ಸಿಟ್ಟು ತಮಾಷೆಯಲ್ಲ ಎಂದೂ ಗೊತ್ತಿತ್ತು. ಅಪ್ಪನ ಕೊನೆಯ ಮಾತನ್ನು ಅಕ್ಕ ಆಟದ ಸಾಮಾನು ಮಾಡಿಕೊಂಡಳಲ್ಲ ಎಂದು ಅವರ ಸಂಕಟ. ಅದನ್ನು ಬಾಯಿಬಿಟ್ಟು ಹೇಳುವ ಬದಲು ಬಲೆಯ ಗಂಟುಗಳನ್ನು ಜಗ್ಗುತ್ತ ಕೂರುತ್ತಿದ್ದರು.

ಕುದ್ರು ಅರ್ಧ ಸುತ್ತು ಬಂದು, ನಮ್ಮ ಮನೆ ಆಚೆದಡಕ್ಕೆ ಪೂರಾ ಬೆನ್ನು ಹಾಕಿದ ವರ್ಷ, ಬೆಳಗಿನ ನೆರಳು ನನ್ನ ಅಡಿಗೆಮನೆಯ ಮೇಲೆ ಬಂತು. ಆ ದಿನ ಮನೆಯಲ್ಲಿ ನೆಂಟರಿದ್ದರು. ಅತ್ತಿಗೆ ಒಳಗೆ ಬಂದವಳೇ ಒಲೆಯ ಮುಂದೆ ನಿಂತು, "ನನ್ನ ಜಾಗದಲ್ಲಿ ಅಡಿಗೆ ಮಾಡ್ತಿದ್ದೀಯಲ್ಲ ತುಳಸೀ, ಕಾಣೆಮೀನಿನ ನಡುತುಂಡು ನನಗೇ ಇಡ್ಬೇಕು" ಎಂದಳು. ನೆಂಟರು ಗೊಳ್ಳೆಂದು ನಕ್ಕರು.

ನಮ್ಮವರು ಊಟದ ಎಲೆಯಿಂದ ತಲೆ ಎತ್ತಿದರು. "ನಾಳೆ ನಾನು ಮಲಗುವ ಚಾಪೆಯೂ ನಿನ್ನದಾ?"

"ನೆರಳು ಬಂದ್ರೆ ಅದೂ ನನ್ನದೇ. ಹೇಗೂ ಹೆಣೆದುಕೊಟ್ಟವಳು ನಾನೇ ಅಲ್ವಾ?"

ನಮ್ಮವರು ಎಲೆ ಮಡಚಿ ಎದ್ದರು. ಅಂಗಳದಿಂದ ಕತ್ತಿ ತಗೊಂಡು ಸೀದಾ ಮರ ಹತ್ತಿದವರು, ಕಾಯಿ ಬಿಟ್ಟ ಕೊಂಬೆ, ಬಿಡದ ಕೊಂಬೆ ಎಂದು ನೋಡದೆ ಕಡಿಯುತ್ತ ಹೋದರು. ಬೇಡ ಎಂದು ನಾನು ಕೆಳಗಿನಿಂದ ಕೂಗಿದೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡರು ಎನ್ನುತ್ತಾರಲ್ಲ, ಇವರು ನೆರಳು ಗುದ್ದಿದರು. ಇಳಿದಾಗ ಮರದಲ್ಲಿ ಉಳಿದದ್ದು ಮೊಂಡು ಕಾಂಡ. ಮೈಯೆಲ್ಲ ಅಂಟು ಅಂಟಾದ ಹಾಲು. ಅತ್ತಿಗೆಯ ಮುಖದಲ್ಲಿ ರಕ್ತವೇ ಇರಲಿಲ್ಲ. "ಅಪ್ಪ ಕೊಟ್ಟದ್ದನ್ನು ಕಡಿದ ಕೈ ಇದು ಜಟ್ಟೂ" ಎಂದಳು. "ಇದನ್ನು ನಾನು ಇನ್ನು ಹಿಡಿಯುದಿಲ್ಲ." ಊಟ ಮಾಡದೆ ಮುಂದಿನ ದೋಣಿಗೆ ಹೋದಳು. ಮತ್ತೆ ಕುದ್ರುವಿಗೆ ಬರಲಿಲ್ಲ.

ವರ್ಷಗಳು ಹೋದವು. ನಾನು ಒಂದು ಕೆಲಸ ಮಾಡಿದೆ. ಬೋಳಾದರೂ ಮರ ಮರವೇ, ಇದ್ದಷ್ಟು ನೆರಳು ನನ್ನ ಒಲೆಯ ಮೇಲೆ ಬೀಳುತ್ತಿತ್ತು. ಅವಳ ಜಾಗದಲ್ಲಿ ಬೇಯಿಸಿ ಅವಳಿಗೆ ಕೊಡದೆ ತಿಂದರೆ ಗಂಟಲಲ್ಲಿ ಇಳಿಯಬೇಕಲ್ಲ. ಒಣಸಿಗಡಿ ಚಟ್ನಿ, ಮರುವಾಯಿ ಸುಕ್ಕ, ಮರ ಚಿಗುರಿ ಕಾಯಿ ಬಿಟ್ಟ ಮೇಲೆ ಜೀಗುಜ್ಜೆ ಪೋಡಿ, ಹೀಗೆ ಏನಾದರೊಂದನ್ನು ನಮ್ಮವರು ಬಲೆಗೆ ಹೋದ ಹೊತ್ತಿಗೆ ಕಟ್ಟಿ ಹುಸೇನಣ್ಣನ ಕೈಯಲ್ಲಿ ಕಳಿಸುತ್ತಿದ್ದೆ. ನೆರಳು ಒಲೆ ದಾಟಿ ಮುಂದೆ ಹೋದ ಮೇಲೂ ನಿಲ್ಲಿಸಲಿಲ್ಲ. ಒಂದು ಸಂಗತಿ ಮಾತ್ರ ನನಗೆ ವಿಚಿತ್ರವೆನಿಸುತ್ತಿತ್ತು. ಕಟ್ಟಲಿಕ್ಕೆ ಬಾಳೆಎಲೆ ಹುಡುಕಿದರೆ, ಕೆಂಡಕ್ಕೆ ಹಿಡಿದು ಬಾಡಿಸಿ ಮೆತ್ತಗೆ ಮಾಡಿದ ಎಲೆ ಒಲೆಯ ಪಕ್ಕದಲ್ಲೇ ಇರುತ್ತಿತ್ತು. ಬಾಡಿಸಿದವರು ಯಾರು ಎಂದು ನಾನು ಕೇಳಲಿಲ್ಲ. ಅತ್ತೆ ಮೊದಲೇ ತೀರಿಕೊಂಡಿದ್ದರು, ಮನೆಯಲ್ಲಿ ಇದ್ದದ್ದು ನಾವಿಬ್ಬರೇ.

ಇನ್ನೊಂದು, ಹಿತ್ತಿಲಿನ ಆ ಜಾಗ. ಮಾವ ಬೆರಳು ತೋರಿಸಿದ ಜಾಗಕ್ಕೆ ನಮ್ಮವರು ಸುತ್ತ ಚಿಪ್ಪುಗಳನ್ನು ಹುಗಿದು ಗೆರೆ ಮಾಡಿ, ಕಳೆ ಕಿತ್ತು, ಅಂಗೈ ಹಾಗೆ ಚೊಕ್ಕಟ ಇಟ್ಟಿದ್ದರು. ಖಾಲಿ ಬಿದ್ದಿದೆಯಲ್ಲ ಎಂದು ನಾನೊಮ್ಮೆ ನಾಲ್ಕು ಬದನೆಗಿಡ ನೆಟ್ಟೆ. ಸಂಜೆಗೆ ನಾಲ್ಕೂ ಗಿಡ ಬುಡಸಮೇತ ಬಚ್ಚಲ ಪಕ್ಕಕ್ಕೆ ಬಂದಿದ್ದವು. "ಬೇರೆಯವರ ಜಾಗದಲ್ಲಿ ನಮಗೆಂತ ಕೆಲಸ?" ಎಂದರು. ಬೆರಳಿನವರೆಂದರೆ ಹೀಗೆ. ಅವಳ ಒಂದು ಸೇರು ಮಣ್ಣನ್ನೂ ಮುಟ್ಟದವರು ಅವಳ ಹೆಸರನ್ನೂ ಎತ್ತುತ್ತಿರಲಿಲ್ಲ.

ಹೀಗಿರುವಾಗ ಕಡವು ಬೊಮ್ಮಕ್ಕನ ಮನೆಯನ್ನು ದಾಟಿ ನಮ್ಮ ಅಂಗಳದ ಹತ್ತಿರ ಬರತೊಡಗಿತು. ನಾನು ಸೀರೆಗಳನ್ನು ಬಿಸಿಲಿಗೆ ಹಾಕಿದೆ, ಬೆಲ್ಲ ತರಿಸಿದೆ. ನಮ್ಮವರು ತೆಂಗಿನ ಕಾಂಡ ಸೀಳಿ ಸಂಕಕ್ಕೆ ತಯಾರು ಮಾಡುತ್ತಿದ್ದರು. ಆಗ ಬಂದ ಹುಸೇನಣ್ಣ. ದೋಣಿಯಲ್ಲೇ ನಿಂತು, ಗಂಟಲು ಸರಿ ಮಾಡಿಕೊಂಡು, "ಜಟ್ಟಪ್ಪಣ್ಣಾ, ನಾನು ನೀರಿನವ, ನನಗೆ ಬೈಬೇಡಿ. ಹೊನ್ನಕ್ಕ ಹೇಳಿ ಕಳಿಸಿದ್ದು. ಕಡವು ನಿಮ್ಮಲ್ಲಿಗೆ ಬಂದ ಮೊದಲನೇ ಬೆಳಿಗ್ಗೆ ಬರ್ತಾಳಂತೆ. ಅವಳ ಜಾಗ ನೋಡ್ಲಿಕ್ಕೆ" ಎಂದ.

ನಮ್ಮವರ ಕೈಯಲ್ಲಿದ್ದ ಉಳಿ ನಿಂತಿತು. "ಬರ್ಲಿ" ಎಂದರು. "ಕಡವಿಗೆ ಬಂದವರಿಗೆ ಕೈ ಕೊಡುದು ಕಟ್ಟಳೆ. ನಾನು ಕೊಡ್ತೇನೆ."

"ಕೊಡುದು ನೀವು ಸರಿ. ಹಿಡಿಯುದು?" ಎಂದ ಹುಸೇನಣ್ಣ, ಉತ್ತರಕ್ಕೆ ಕಾಯದೆ ದೋಣಿ ತಿರುಗಿಸಿದ.

ಅದೇ ಪ್ರಶ್ನೆ ಊರಲ್ಲೆಲ್ಲ ಓಡಾಡಿತು. ಈ ಕೈ ಹಿಡಿಯುವುದಿಲ್ಲ ಎಂದು ಹೊನ್ನಕ್ಕ ಆಡಿದ ಮಾತು ಎಲ್ಲರಿಗೂ ಗೊತ್ತಿತ್ತು. ಹಿಡಿಯದೆ ವಾಪಸು ಹೋದರೆ ನಾವು ಕೈ ಬಿದ್ದ ಮನೆ. ಬೊಮ್ಮಕ್ಕ ನನ್ನ ಹತ್ತಿರ ಬಂದು, ನಾನು ಕೇಳದೆಯೇ, ಅದಕ್ಕೆ ಹೇಗೆ ಒಗ್ಗಿಕೊಳ್ಳಬೇಕು ಎಂದು ಸಮಾಧಾನ ಹೇಳಿ ಹೋದಳು. ಅವಳ ಮುಖದಲ್ಲಿ ದುಃಖಕ್ಕಿಂತ ಜೊತೆ ಸಿಗುತ್ತದೆ ಎಂಬ ಖುಷಿಯೇ ಹೆಚ್ಚಿತ್ತು. ನಮ್ಮವರಿಗೆ ಮನೆಯ ಹೆಸರಿನ ಚಿಂತೆ ಇರಲಿಲ್ಲ. ಅವರು ಊಟ ಬಿಟ್ಟದ್ದು ಬೇರೆ ಚಿಂತೆಗೆ. ಅಕ್ಕ ಅಷ್ಟು ಹತ್ತಿರ ಬಂದು, ಮುಖ ನೋಡಿ, ತಿರುಗಿ ಹೋಗಿಬಿಟ್ಟರೆ ಇನ್ನೊಂದು ಸುತ್ತು ಕಾಯುವ ಆಯುಸ್ಸು ಯಾರಿಗಿದೆ?

"ಹೋಗಿ ಒಂದು ಮಾತು ತಪ್ಪಾಯ್ತು ಅಂತ ಹೇಳಿ ಬನ್ನಿ" ಎಂದೆ. "ದೋಣಿ ಉಂಟು, ಹುಸೇನಣ್ಣ ಇದ್ದಾನೆ, ನಿಮಗೆ ಬಾಯಿ ಉಂಟು."

"ಬಾಯಿ ಅವಳದ್ದು" ಎಂದರು ನಮ್ಮವರು. "ನಾನು ಬೆರಳಿನವ." ಇಂಥವರನ್ನು ಕಟ್ಟಿಕೊಂಡು ನಾನು ಸಂಸಾರ ಮಾಡಿದ್ದು.

ಆ ಬೆಳಿಗ್ಗೆ ಬಂತು. ಸಂಕದ ತುದಿಯಲ್ಲಿ ನಮ್ಮವರು ಒಗೆದ ಪಂಚೆ ಉಟ್ಟು ನಿಂತರು. ನಾನು ತಂಬಿಗೆ, ಬೆಲ್ಲದ ತಟ್ಟೆ ಹಿಡಿದು ಹಿಂದೆ. ನಮ್ಮ ಹಿಂದೆ ಊರು. ಯಾರಿಗೂ ಆ ದಿನ ಬೇರೆ ಕಡೆ ಕೆಲಸವಿರಲಿಲ್ಲ. ದೋಣಿ ಬಂದು ಸಂಕಕ್ಕೆ ತಾಗಿತು. ಎಲ್ಲರಿಗಿಂತ ಮುಂದೆ ಅತ್ತಿಗೆ, ಕಂಕುಳಲ್ಲಿ ಒಂದು ಸುತ್ತಿದ ಚಾಪೆ. ಅವಳ ಹಿಂದೆ ಶಾಲೆಯ ಟೀಚರು, ಕೋಳಿಬುಟ್ಟಿ ಹೊತ್ತ ಒಬ್ಬ, ಮತ್ತೆ ಬೊಮ್ಮಕ್ಕನ ಮೊಮ್ಮಗ ತನ್ನ ಹೊಸ ಹೆಂಡತಿಯ ಜೊತೆ. ಅತ್ತಿಗೆಯ ಕೂದಲು ಪೂರಾ ಬೆಳ್ಳಗಾಗಿತ್ತು. ಅದನ್ನು ನೋಡಿದ್ದೇ ನನ್ನ ಕಣ್ಣು ತುಂಬಿತು.

ನಮ್ಮವರು ಕೈ ಚಾಚಿದರು. ಅತ್ತಿಗೆ ಕೈಯನ್ನು ನೋಡಿದಳು, ಹಿಡಿಯಲಿಲ್ಲ.

"ತುಳಸಿ ಕೊಡ್ಲಿ ಕೈ" ಎಂದಳು.

ನಾನು ಮುಂದೆ ಬರಲು ಹೊರಟೆ. ಊರಿನ ಹಿರಿಯರೆಲ್ಲ ಒಟ್ಟಿಗೆ ಕೆಮ್ಮಿದರು. ಚಾಚಿದ ಕೈಯೊಂದಿರುವಾಗ ಇನ್ನೊಂದು ಕೈ ಹಿಡಿದರೂ ಆ ಕೈ ಬಿದ್ದ ಹಾಗೆಯೇ ಲೆಕ್ಕ. ನಾನು ಹಿಂದೆ ಸರಿದೆ. ಅತ್ತಿಗೆ ದೋಣಿಯಲ್ಲಿ ನಿಂತಳು, ನಮ್ಮವರು ಸಂಕದಲ್ಲಿ ಕೈ ಚಾಚಿ ನಿಂತರು. ಇಬ್ಬರ ನಡುವೆ ಒಂದು ಮೊಳ ನೀರು. ಕೋಳಿಗಳು ಕೂಗಿದವು. ಟೀಚರು ಶಾಲೆಗೆ ಹೊತ್ತಾಯಿತು ಎಂದರು. "ಹೊನ್ನಕ್ಕಾ, ನೀರು ಇಳೀತಾ ಉಂಟು. ಆಮೇಲೆ ದೋಣಿ ಕೆಸರಲ್ಲಿ ಕೂತ್ರೆ ನನ್ನನ್ನು ಕೇಳ್ಬೇಡ" ಎಂದ ಹುಸೇನಣ್ಣ. ಅತ್ತಿಗೆ ಅಲುಗಾಡಲಿಲ್ಲ. ನಮ್ಮವರು ನೋಯುವ ತೋಳಿಗೆ ಇನ್ನೊಂದು ಕೈಯ ಆಸರೆ ಕೊಟ್ಟರು. ಆದರೂ ಇಳಿಸಲಿಲ್ಲ. ಬಿಸಿಲು ಏರತೊಡಗಿತು. ಇವತ್ತು ಇವರಿಬ್ಬರೂ ಹೀಗೇ ಕಲ್ಲಾಗುತ್ತಾರೆ, ಮುಂದಿನ ಸುತ್ತಿನಲ್ಲಿ ಜನ ಬಂದು ಕುಂಕುಮ ಹಚ್ಚುತ್ತಾರೆ ಎಂದುಕೊಂಡೆ.

ಆಗ ನಮ್ಮವರು ಒಮ್ಮೆ ತಿರುಗಿ ಹಿತ್ತಿಲಿನ ಕಡೆ ನೋಡಿದರು. ಮತ್ತೆ ಸೂರ್ಯನನ್ನು ನೋಡಿದರು. ಇನ್ನೊಮ್ಮೆ ಹಿತ್ತಿಲು. ಅವರಿಗೆ ಗಾಬರಿಯಾಯಿತು.

"ಅಕ್ಕಾ, ಬೇಗ ಬಾ!" ಎಂದು ಕೂಗಿದರು. ಮರ ಕಡಿದ ಮೇಲೆ ಅವರ ಬಾಯಿಂದ ಅಕ್ಕಾ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. "ಬೇಗ ಬಾ, ನಿನ್ನ ಜಾಗ ಸಣ್ಣದಾಗ್ತಾ ಉಂಟು!"

ಅತ್ತಿಗೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವಳೂ ಸೂರ್ಯನ ಕಡೆ ಕಣ್ಣೆತ್ತಿದಳು. ಬೆಳಗಿನ ನೆರಳು ಹೊತ್ತು ಏರಿದ ಹಾಗೆ ಮರದ ಬುಡಕ್ಕೆ ಹಿಂತಿರುಗುತ್ತದಲ್ಲ. ಇಲ್ಲಿ ಅವಳು ಹಟ ಹಿಡಿದು ನಿಂತಷ್ಟೂ ಅಲ್ಲಿ ಅವಳ ಪಾಲು ಕರಗುತ್ತಿತ್ತು, ಕರಗಿದ್ದೆಲ್ಲ ತಮ್ಮನ ಪಾಲಿಗೆ ಸೇರುತ್ತಿತ್ತು. ಸುಮ್ಮನೆ ನಿಂತಿದ್ದರೆ ಸಾಕಿತ್ತು ನಮ್ಮವರಿಗೆ. ನಿಂತಿರಲಾರದೆ ಕೂಗಿದ್ದು ಅವರೇ. ಅತ್ತಿಗೆಯ ಮುಖ ಒಮ್ಮೆ ಬಿಗಿಯಾಯಿತು, ಆಮೇಲೆ ನಗುವೋ ಅಳುವೋ ತಿಳಿಯದ ಹಾಗಾಯಿತು. "ಅಯ್ಯೋ ಪೆದ್ದೇ!" ಎಂದವಳೇ ತಮ್ಮನ ಕೈಯನ್ನು ಎರಡೂ ಕೈಗಳಿಂದ ಹಿಡಿದು ಸಂಕಕ್ಕೆ ಕಾಲಿಟ್ಟಳು.

ಕಾಲಿಗೆ ನೀರಿಲ್ಲ, ಬಾಯಿಗೆ ಬೆಲ್ಲವಿಲ್ಲ, ಇಬ್ಬರೂ ಕೈ ಬಿಡದೆ ಓಡಿದರು. ನಮ್ಮವರು ಓಡಿದ್ದನ್ನು ನಾನು ನೋಡಿದ್ದು ಹಿಂದೊಮ್ಮೆ, ಮನೆಯೊಳಗೆ ಹಾವು ಬಂದಾಗ. ನಾನು ಒಲೆಯಿಂದ ಒಂದು ಮೊರ ಬೂದಿ ತುಂಬಿಕೊಂಡು ಅವರ ಹಿಂದೆ. ನನ್ನ ಹಿಂದೆ ಊರು. ನೆರಳಿನ ಅಂಚು ಸರಿಯುವ ಮೊದಲು ಸುತ್ತಲೂ ಬೂದಿಯ ಗೆರೆ ಹಾಕಿದೆ. ಹಾಕಿ ಮುಗಿಸಿ ನೋಡಿದರೆ ಗೆರೆ ನಮ್ಮವರು ಹುಗಿದ ಚಿಪ್ಪುಗಳನ್ನು ದಾಟಿ ಎಷ್ಟೋ ಆಚೆಗಿತ್ತು. ಕಡಿದ ಮರ ಕಡಿದದ್ದಕ್ಕೇ ಇಮ್ಮಡಿ ಚಿಗುರಿ, ಮೊದಲಿಗಿಂತ ಅಗಲಕ್ಕೆ ಕೊಂಬೆ ಬಿಟ್ಟಿತ್ತು.

ಅತ್ತಿಗೆ ಆ ಚಿಪ್ಪುಗಳನ್ನು ನೋಡಿದಳು, ಒಳಗಿನ ಚೊಕ್ಕಟ ನೆಲ ನೋಡಿದಳು. "ಇಷ್ಟು ವರ್ಷ ಇಲ್ಲಿ ಎಂತ ಬೆಳೆದ್ರಿ?" ಎಂದಳು.

"ಎಂತ ಇಲ್ಲ" ಎಂದೆ ನಾನು. "ನನ್ನ ಬದನೆಗಿಡ ಕಿತ್ತು ಬಿಸಾಡಿದ್ದಾರೆ."

ಅತ್ತಿಗೆ ಕೆಳಗೆ ಕೂತು ಮಣ್ಣನ್ನು ಕೈಯಿಂದ ಸವರಿದಳು. "ಅಪ್ಪ ತೋರಿಸಿದ್ದು ಈ ಚಿಪ್ಪಿನವರೆಗೆ. ಅಷ್ಟು ಸಾಕು ನನಗೆ" ಎಂದಳು.

"ಅದು ಹೇಗಾಗ್ತದೆ?" ನಮ್ಮವರು ಬೂದಿಯ ಗೆರೆ ತೋರಿಸಿದರು. "ಅಪ್ಪ ಬಾಯಲ್ಲಿ ಹೇಳಿದ್ದು ನೆರಳು. ನೆರಳು ಎಲ್ಲಿವರೆಗೆ ಉಂಟೋ ಅಲ್ಲಿವರೆಗೆ ನಿನ್ನದು."

"ಬೆರಳು ತೋರಿಸಿದ್ದನ್ನು ಬಿಟ್ಟು ನೆರಳಿನ ಹಿಂದೆ ಯಾರಾದ್ರೂ ಹೋಗ್ತಾರಾ?"

"ನೀನೇ ಹೋದವಳು!"

"ನನಗೆ ಬುದ್ಧಿ ಇರ್ಲಿಲ್ಲ, ನಿನಗೂ ಇಲ್ವಾ?"

ಮತ್ತೆ ಶುರುವಾಯಿತು. ಈ ಸಲ ಬಾಯಿಯ ಕಡೆ ತಮ್ಮ, ಬೆರಳಿನ ಕಡೆ ಅಕ್ಕ. ಊರಿನ ಬೆರಳಿನವರಿಗೂ ಬಾಯಿಯವರಿಗೂ ತಾವೀಗ ಯಾರ ಹಿಂದೆ ನಿಲ್ಲಬೇಕು ಎಂದು ತಿಳಿಯದೆ ತಲೆ ಕೆಟ್ಟಿತು. ಆ ಗದ್ದಲದ ನಡುವೆ ನಮ್ಮವರು ಮರದ ಕಾಂಡದ ಕಡೆ ಮುಖ ಮಾಡಿ, ಸಣ್ಣ ದನಿಯಲ್ಲಿ, "ಕಡಿದದ್ದು ತಪ್ಪಾಯ್ತು ಅಕ್ಕಾ. ಅವತ್ತೇ ಗೊತ್ತಾಗಿತ್ತು ನನಗೆ" ಎಂದರು. ಅತ್ತಿಗೆ ಎದ್ದು ಬಂದು ಅವರ ಬೆನ್ನಿಗೊಂದು ಗುದ್ದು ಕೊಟ್ಟಳು. "ಬಾಳೆಎಲೆ ಅಷ್ಟು ಹದ ಬಾಡಿಸುವವ ನೀನೊಬ್ಬನೇ ಅಂತ ನನಗೂ ಗೊತ್ತಿತ್ತು ಮಾರಾಯಾ" ಎಂದಳು. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಬೂದಿ ಕಣ್ಣಿಗೆ ಹೋಯಿತೆಂದು ಟೀಚರಿಗೆ ಹೇಳೋಣವೆಂದು ನೋಡಿದರೆ, ಟೀಚರೇ ಅಲ್ಲಿಲ್ಲ.

ಆಗ ಕೇಳಿಸಿತು ಹುಸೇನಣ್ಣನ ಬೊಬ್ಬೆ. "ಯಾರಾದ್ರೂ ಇದ್ದೀರಾ ಮಾರಾಯ್ರೇ? ಇಲ್ಲಿ ಕೈ ಕೊಡುವವರು ಯಾರೂ ಇಲ್ವಾ?" ಕೈ ಕೊಡುವವರಿಲ್ಲದೆ ದೋಣಿಯಲ್ಲಿ ಬಾಕಿಯವರೆಲ್ಲ ಹಾಗೇ ನಿಂತಿದ್ದರು. ನಮ್ಮವರು ಹೋ ಎಂದು ಓಡಿದರು. ಅವರಿಗಿಂತ ಮುಂದೆ ಅತ್ತಿಗೆ ಓಡಿದಳು. "ನನಗೂ ಇಲ್ಲಿ ಜಾಗ ಉಂಟಲ್ಲ? ಕೈ ಕೊಡುವುದರಲ್ಲೂ ನನಗೆ ಪಾಲುಂಟು" ಎಂದು ಸಂಕದ ತುದಿಯಲ್ಲಿ ನಿಂತು, ಬೊಮ್ಮಕ್ಕನ ಮನೆಯ ಹೊಸ ಸೊಸೆಗೆ ಕೈ ಚಾಚಿದಳು. ಹುಡುಗಿ ಹೆದರಿದ್ದಳು. ಅಷ್ಟು ಹೊತ್ತು ನಡೆದದ್ದನ್ನೆಲ್ಲ ನೋಡಿ ಎಂಥ ಊರಿಗೆ ಬಂದೆನಪ್ಪಾ ಎನ್ನಿಸಿರಬೇಕು. "ಹೆದರ್ಬೇಡ ಮಗಾ" ಎಂದಳು ಅತ್ತಿಗೆ, "ಮೊದಲ ವರ್ಷ ಸ್ವಲ್ಪ ತಲೆ ತಿರುಗ್ತದೆ, ಅಷ್ಟೇ." ನಾನು ಹುಡುಗಿಯ ಬಾಯಿಗೆ ಬೆಲ್ಲ ಇಟ್ಟೆ. ಕೋಳಿಯವನಿಗೂ ಇಟ್ಟೆ. ಒಂದು ತುಂಡು ಬೊಮ್ಮಕ್ಕನ ಬಾಯಿಗೆ ಇಟ್ಟೆ, ಪಾಪ, ಅವಳಿಗೆ ಜೊತೆ ಸಿಗಲಿಲ್ಲವಲ್ಲ.

ಜಾಗದ ತಗಾದೆ ಬಗೆಹರಿಯಲಿಲ್ಲ, ಬಗೆಹರಿಯುವುದು ಇಬ್ಬರಿಗೂ ಬೇಕಾಗಿಯೂ ಇಲ್ಲ. ಅತ್ತಿಗೆ ಚಿಪ್ಪಿನ ಗೆರೆಯೊಳಗೆ ಒಂದು ಸಣ್ಣ ಮನೆ ಕಟ್ಟಿಕೊಂಡಳು. ಕಟ್ಟಿದ್ದು ನಮ್ಮವರೇ, ಬೇಕೆಂದೇ ಒಂದು ಗೋಡೆಯನ್ನು ಗೆರೆಯ ಆಚೆ ಹಾಕಿದರು. ಅದಕ್ಕೆ ವಾರಗಟ್ಟಲೆ ಜಗಳ ನಡೆಯಿತು. ಕಡವು ನಮ್ಮ ಅಂಗಳ ದಾಟಿ ಹೋಯಿತು, ನೆರಳು ಮತ್ತೆ ಹೊರಟಿತು. ಈಗ ಬೆಳಿಗ್ಗೆ ಅತ್ತಿಗೆ ಚಾಪೆ ಹೆಣೆಯಲು ಕೂರುವುದು ಬಸಳೆ ಚಪ್ಪರದ ಹತ್ತಿರ. ಇಲ್ಲಿ ಯಾಕೆ ಕೂತೆ ಎಂದು ನಮ್ಮವರು ಕೇಳಬೇಕು, ನನ್ನ ಜಾಗದಲ್ಲಿ ನಾನು ಕೂತಿದ್ದೇನೆ ಎಂದು ಅವಳು ಹೇಳಬೇಕು, ಆಮೇಲೆ ಅವರು ಅಲ್ಲಿಗೇ ಚಹಾ ತಂದುಕೊಡಬೇಕು. ಇದು ದಿನಾ ಆಗಬೇಕು, ಇಲ್ಲದಿದ್ದರೆ ಇಬ್ಬರಿಗೂ ತಿಂಡಿ ಸೇರುವುದಿಲ್ಲ.

ಮುಂದೆ ನೆರಳು ಬಾವಿಗೆ ಬರುತ್ತದೆ, ಆಮೇಲೆ ನನ್ನ ಅಡಿಗೆಮನೆಗೆ. ಆ ಕಾಲಕ್ಕಿರಲಿ ಎಂದು ಒಲೆಯ ಪಕ್ಕದಲ್ಲಿ ಒಂದು ಮಣೆ ಹಾಕಿಟ್ಟಿದ್ದೇನೆ. ಅಲ್ಲಿಗೆ ನೆರಳು ಬರಲಿಕ್ಕೆ ಇನ್ನೂ ಎಷ್ಟೋ ವರ್ಷ ಬೇಕು. ಅತ್ತಿಗೆ ಮಾತ್ರ ಈಗಲೇ ಬಂದು ಕೂತಿದ್ದಾಳೆ, ನಡುತುಂಡು ಯಾರಿಗೆ ಬಡಿಸುತ್ತೇನೆ ಎಂದು ನೋಡುತ್ತಿದ್ದಾಳೆ.